ಬುಜ್ಜಿಯ ಕಿವಿಯೊಳಗಿನ ನೀರು

ನನ್ನ ಮೊಮ್ಮಗಳಿಗೆ ಕಿವಿ ಕೇಳಿಸಿತು! ಎರಡು ಕಿವಿಯೂ! ಮೊನ್ನೆ ಶನಿವಾರ ಬೆಳಿಗ್ಗೆ, ಕಿವಿ ಡಾಕ್ಟರ ಕೋಣೆಯಲ್ಲಿ, ಅವಳ ಬೆನ್ನ ಹಿಂದೆ ಆರಡಿ ದೂರ ನಿಂತು, ಬಾಯಿಗೆ ಸೆರಗು ಅಡ್ಡ ಹಿಡಿದು, ಉಸಿರಿನಷ್ಟು ಸಣ್ಣಗೆ ಒಂದು ಮಾತು ಕೇಳಿದೆ. ಅವಳು ತಿರುಗಲಿಲ್ಲ. ತಿರುಗದೆಯೇ ಉತ್ತರ ಕೊಟ್ಟಳು. ಮೊದಲು ಇದನ್ನು ಬರೆದುಬಿಟ್ಟೆ, ಮಿಕ್ಕಿದ್ದು ಆಮೇಲೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹೀಗೆ ಮಕ್ಕಳ ಬೆನ್ನ ಹಿಂದೆ ನಿಂತು ಪಿಸುಗುಡುವುದು ನನ್ನ ಕೆಲಸ. ಕೆ.ಜಿ.ಎಫ್.ನ ಒಂದು ಆಸ್ಪತ್ರೆಯಲ್ಲಿ, ಕಿವಿ ಮೂಗು ಗಂಟಲು ನೋಡುವ ಕಡೆ ನಾನು ಆಯಾ. ಬಂಗಾರಪೇಟೆಯಿಂದ ದಿನಾ ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತಿ ಹೋಗಿ ಬರುತ್ತೇನೆ. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವರ ಕಾಲುಗಳನ್ನು ನನ್ನ ಮೊಣಕಾಲುಗಳ ನಡುವೆ ಸಿಕ್ಕಿಸಿ, ಒಂದು ಕೈಯಲ್ಲಿ ಅವರ ಎರಡೂ ಕೈ, ಇನ್ನೊಂದು ಕೈಯಲ್ಲಿ ಹಣೆ ಹಿಡಿಯಬೇಕು. ಮಗು ಅಳ್ಳಾಡಿದರೆ ಡಾಕ್ಟರ ಕೈಯಲ್ಲಿರುವ ಕೊಳವೆ ಕಿವಿಗೆ ಚುಚ್ಚುತ್ತದೆ. ಎಷ್ಟು ಮಕ್ಕಳನ್ನು ಹಾಗೆ ಹಿಡಿದೆನೋ ಲೆಕ್ಕವಿಲ್ಲ. ಹಿಡಿದು ಹಿಡಿದು, ಯಾವ ಮಗುವಿಗೆ ಕಿವಿ ಮಂದ ಎಂದು ಡಾಕ್ಟರಿಗಿಂತ ಮುಂಚೆ ನನಗೇ ಗೊತ್ತಾಗುತ್ತಿತ್ತು. ಅಂಥವಳಿಗೆ ಮನೆಯಲ್ಲಿದ್ದ ಮಗುವಿನದು ಗೊತ್ತಾಗಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ.

ಬುಜ್ಜಿ ನನ್ನ ಮಗನ ಮಗಳು. ಆರು ವರ್ಷ, ಒಂದನೇ ಕ್ಲಾಸು. ಮಗ ಮಂಡಿಯಲ್ಲಿ ಮೂಟೆ ಹೊರುತ್ತಾನೆ, ಸೊಸೆ ಎರಡು ಹಸು ಕಟ್ಟಿಕೊಂಡು ಹಾಲು ಹಾಕುತ್ತಾಳೆ. ಕಳೆದ ವರ್ಷ ದೀಪಾವಳಿ ಹೊತ್ತಿಗೆ ಮಗುವಿನ ಮೇಲೆ ದೂರು ಶುರುವಾಯಿತು. ಕರೆದರೆ ಬರುವುದಿಲ್ಲ, ಒಂದು ತರಲು ಹೇಳಿದರೆ ಇನ್ನೊಂದು ತರುತ್ತಾಳೆ. ಶಾಲೆಯ ಮೇಷ್ಟ್ರು, “ಈ ಹುಡುಗಿಗೆ ಪಾಠದ ಮೇಲೆ ಗ್ಯಾನವೇ ಇಲ್ಲ, ಹೀಗೇ ಆದರೆ ಇನ್ನೊಂದು ವರ್ಷ ಒಂದನೇ ಕ್ಲಾಸಲ್ಲೇ ಕೂರಬೇಕಾಗುತ್ತದೆ” ಎಂದು ಹೇಳಿ ಕಳಿಸಿದರು. ಪಟಾಕಿ ಸದ್ದಿಗೆ ಮಾತ್ರ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಓಡಿದಳು. ಅದರಿಂದಲೇ ನಾವು ಮೋಸ ಹೋದದ್ದು. ಕಿವಿ ಚೆನ್ನಾಗಿದೆ, ಮೊಂಡುತನ ಅಷ್ಟೆ ಅಂದುಕೊಂಡೆವು.

ಒಂದು ಭಾನುವಾರ ರಾಗಿ ಕೇರುತ್ತಾ, ಉಪ್ಪಿನ ಡಬ್ಬ ತಾ ಎಂದೆ. ಮೂರು ಸಲ ಹೇಳಿದೆ. ಅಲ್ಲೇ ನನಗೆ ಬೆನ್ನು ಮಾಡಿ ಕೂತಿದ್ದವಳು ಅಳ್ಳಾಡಲಿಲ್ಲ. ಎದ್ದು ಹೋಗಿ ಬೆನ್ನಿಗೆ ಒಂದು ಏಟು ಕೊಟ್ಟೆ. ಅವಳು ತಿರುಗಿ, ಅಳದೆ, ನನ್ನ ಕಣ್ಣು ನೋಡದೆ, ನನ್ನ ಬಾಯಿಯನ್ನು ನೋಡಿದಳು.

ಆ ನೋಟ ನನಗೆ ಗೊತ್ತು. ದಿನಾ ಅದನ್ನು ನನ್ನ ತೊಡೆಯ ಮೇಲೆ ಕಾಣುತ್ತೇನೆ. ಮೊರ ಕೆಳಗಿಟ್ಟು ಅವಳ ಹಿಂದೆ ಹೋಗಿ ನಿಂತೆ. “ಬುಜ್ಜೀ” ಎಂದೆ. ಇಲ್ಲ. ಇನ್ನೊಂದು ಹೆಜ್ಜೆ ಹತ್ತಿರ. ಇಲ್ಲ. ತಟ್ಟೆ ಬಡಿದೆ, ಆಗ ತಿರುಗಿದಳು. ಏಟು ಕೊಟ್ಟ ಕೈ ಆಮೇಲೆ ಇಡೀ ದಿನ ರಾಗಿ ಮುಟ್ಟಲಿಲ್ಲ.

ಮಾರನೇ ದಿನ ಬುಜ್ಜಿಯನ್ನೂ ರೈಲು ಹತ್ತಿಸಿದೆ. ಡಾಕ್ಟರು ಸ್ಟೂಲು ಎಳೆದುಕೊಂಡು ಹಣೆಯ ಕನ್ನಡಿ ಇಳಿಸಿ, “ಏನಮ್ಮ ಆಯಾ, ಊರ ಮಕ್ಕಳನ್ನೆಲ್ಲ ಕಲ್ಲಿನ ಹಾಗೆ ಹಿಡೀತೀಯ, ಇವತ್ತು ಹಿಡಿತವೇ ಸಡಿಲ ಮಾಡಿದೀಯಲ್ಲ” ಎಂದರು. ರಬ್ಬರ್ ಬುಡ್ಡೆ ಇರುವ ಕೊಳವೆ ಕಿವಿಗೆ ಇಟ್ಟು ಮೆಲ್ಲಗೆ ಅಮುಕಿದರು. ಗಾಳಿ ಹೋದಾಗ ಒಳಗಿನ ತಮಟೆ ಅಲುಗಬೇಕು. ಅಲುಗಲಿಲ್ಲ. ಇನ್ನೊಂದು ಕಿವಿಯದೂ ಅಲುಗಲಿಲ್ಲ. ಅವರು ನನಗೂ ನೋಡಲು ಕೊಟ್ಟರು. ಮುತ್ತಿನ ಹಾಗೆ ಹೊಳೆಯಬೇಕಾದದ್ದು ಹಳೇ ಲಾಟೀನಿನ ಗಾಜಿನ ಹಾಗೆ ಮಂಕಾಗಿತ್ತು.

ತಮಟೆಯ ಹಿಂದೆ ಒಂದು ಸಣ್ಣ ಕೋಣೆ ಇದೆಯಂತೆ. ಅದರಲ್ಲಿ ಗಾಳಿ ಇರಬೇಕು. ಮೂಗಿನ ಹಿಂದಿನಿಂದ ಒಂದು ಕೊಳವೆ ಆ ಗಾಳಿಯನ್ನು ತರುತ್ತದೆ. ನೆಗಡಿಯಾಗಿ ಕೊಳವೆ ಮುಚ್ಚಿದರೆ ಕೋಣೆಯಲ್ಲಿ ನೀರು ಸೇರುತ್ತದೆ, ನಿಂತು ನಿಂತು ಗೋಂದಿನ ಹಾಗಾಗುತ್ತದೆ. ನೋವಿಲ್ಲ, ಸೋರುವುದಿಲ್ಲ, ಹಾಗಾಗಿ ಯಾರಿಗೂ ತಿಳಿಯುವುದಿಲ್ಲ. “ನೀರಲ್ಲಿ ಮುಳುಗಿ ಕೂತವರಿಗೆ ದಡದ ಮಾತು ಹೇಗೆ ಕೇಳುತ್ತೋ ಹಾಗೆ ಇವಳಿಗೆ ಕೇಳೋದು” ಎಂದರು.

ಆದರೆ ಅವತ್ತೇ ಔಷಧ ಕೊಡಲಿಲ್ಲ. ಬಹಳ ಮಕ್ಕಳಿಗೆ ತಾನಾಗಿಯೇ ಇಳಿಯುತ್ತದೆ, ಮೂರು ತಿಂಗಳು ಕಾಯೋಣ, ಕಿವಿಗೆ ಎಣ್ಣೆ ಬಿಡಬೇಡಿ, ಅವಳ ಮುಖದ ಎದುರು ನಿಂತು ಮಾತಾಡಿ ಎಂದರು. ಕಾದೆವು. ಸಂಕ್ರಾಂತಿ ಕಳೆದು ನೋಡಿದರೆ ಹಾಗೇ ಇತ್ತು. ಅಷ್ಟರಲ್ಲಿ ಅವಳ ಮಾತಿನ ತುದಿಗಳು ಉದುರತೊಡಗಿದ್ದವು. ಕೇಳಿಸದ ಅಕ್ಷರವನ್ನು ಮಗು ಹೇಗೆ ಆಡೀತು?

ಡಾಕ್ಟರು ಎರಡು ದಾರಿ ಹೇಳಿದರು. ಒಂದು ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸುವುದು. ತಮಟೆಗೆ ಸಣ್ಣ ತೂತು ಹಾಕಿ ನೀರು ಎಳೆದು, ಅಕ್ಕಿ ಕಾಳಿನಷ್ಟು ಕೊಳವೆ ಕೂರಿಸುತ್ತಾರೆ. ಇನ್ನೊಂದು ಸ್ಟೀರಾಯ್ಡ್ ಮಾತ್ರೆ, ಎರಡು ವಾರ. ಒಳಗಿನ ಊತ ಇಳಿದರೆ ಕೊಳವೆ ತೆರೆದೀತು, ನೀರು ಹರಿದೀತು. “ಗ್ಯಾರಂಟಿ ಇಲ್ಲ ಆಯಾ. ಕೆಲವರಿಗೆ ಇಳಿದು ಮತ್ತೆ ತುಂಬುತ್ತೆ. ಒಂದು ಸಲ ನೋಡೋಣ, ಆಗದಿದ್ದರೆ ಬೆಂಗಳೂರು.”

ಬರೆದುಕೊಡುವ ಮುಂಚೆ ಅವರು ಪೆನ್ನು ಕೆಳಗಿಟ್ಟು ಕೇಳಿದರು: “ಮನೇಲಿ ಯಾರಿಗಾದರೂ ಕ್ಷಯ ಇದೆಯಾ? ಅಕ್ಕಪಕ್ಕದಲ್ಲಿ ಯಾವ ಮಗುವಿಗಾದರೂ ಅಮ್ಮ ಬಂದಿದೆಯಾ?” ನೀರುಗುಳ್ಳೆ ಏಳುವ ಜ್ವರಕ್ಕೆ ನಮ್ಮಲ್ಲಿ ಅಮ್ಮ ಎನ್ನುತ್ತೇವೆ, ಮಾರಮ್ಮ ತಾನೇ ಬಂದು ಮೈಮೇಲೆ ಕೂರುತ್ತಾಳೆ ಎಂದು. ಆಸ್ಪತ್ರೆಯವರು ಚಿಕನ್ ಪಾಕ್ಸ್ ಎನ್ನುತ್ತಾರೆ. “ಈ ಮಾತ್ರೆ ಮೈಯಲ್ಲಿರುವಾಗ ಅದು ಬಂದರೆ ತಡೆಯೋ ಶಕ್ತಿ ಮಗುವಿಗೆ ಇರಲ್ಲ. ಗುಳ್ಳೆ ಒಳಗೂ ಏಳುತ್ತೆ, ಶ್ವಾಸಕೋಶಕ್ಕೆ ಇಳಿಯುತ್ತೆ. ಜೀವ ಹೋದ ಮಕ್ಕಳನ್ನ ನೋಡಿದೀನಿ” ಎಂದರು.

ಇಲ್ಲ ಸ್ವಾಮಿ ಎಂದೆ. ನನಗೆ ಗೊತ್ತಿದ್ದಷ್ಟು ನಿಜವೇ ಹೇಳಿದೆ.

ಮೊದಲ ದಿನ ತಿಂಡಿ ತಿಂದಮೇಲೆ ಮಾತ್ರೆ ಅರೆದು ಬಾಳೆಹಣ್ಣಿನಲ್ಲಿ ಕಲಸಿ ತಿನ್ನಿಸಿದೆ. ಎರಡನೇ ದಿನವೂ ಅಷ್ಟೆ. ಅವತ್ತು ಸಂಜೆ ಸ್ಟೇಷನ್ನಿನಿಂದ ನಡೆದು ಬರುತ್ತಿದ್ದೇನೆ, ಪಕ್ಕದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆ. ಹೊಸ್ತಿಲಲ್ಲಿ ಅರಿಶಿನದ ನೀರು. ಅವರ ಒಲೆಯಿಂದ ಒಗ್ಗರಣೆ ವಾಸನೆ ಇಲ್ಲ. ಅಮ್ಮ ಮನೆಯಲ್ಲಿದ್ದಾಗ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಬಾರದು, ಆ ಸಿಡಿತ ಮಗುವಿನ ಮೈಮೇಲೆ ಏಳುತ್ತದೆ ಎಂದು ನಂಬಿಕೆ. ನನ್ನ ಕಾಲು ಅಲ್ಲೇ ನಿಂತವು. ಆ ಮನೆಯ ಹುಡುಗಿ ಬುಜ್ಜಿಗೆ ಜೊತೆಗಾತಿ. ಇಬ್ಬರೂ ಒಂದೇ ತಟ್ಟೆಯಲ್ಲಿ ತಿನ್ನುವವರು.

ಸೊಸೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತು.

“ಯಾಕಮ್ಮ ಏಳ್ಲಿಲ್ಲ ನಂಗೆ?”

“ತಾಯಿ ಬಂದವ್ಳೆ ಅಂತ ಊರೆಲ್ಲ ಸಾರ್ತಾರಾ ಅತ್ತೆ? ನೀವೂ ಬಾಯಿಗ್ ತರ್ಬ್ಯಾಡಿ. ಬಂದ್ರೆ ಊವಿನಂಗೆ ಬಂದು ಓಗ್ತಾಳೆ. ಆಸ್ಪತ್ರೇಲಿ ಮಾತ್ರ ಏಳ್ಬ್ಯಾಡಿ, ತಾಯಿ ಮುನಿಸ್ಕೋತಾಳೆ.”

“ಡಾಕ್ಟ್ರು ಏನಂದ್ರು ಗೊತ್ತಾ?”

“ಮಾತ್ರೆ ಕೊಟ್ರೆ ತಾನೆ? ಬಿಟ್ಬಿಡಣ. ಯಾರ್ಗೂ ಏಳದ್ ಬ್ಯಾಡ.”

ನನ್ನ ಒಳಗೆ ನಡೆದದ್ದನ್ನೂ ಬರೆಯುತ್ತೇನೆ. ಸೊಸೆಯ ಭಯ ದೇವರದು. ನನ್ನ ಆಸೆ ಅದಕ್ಕಿಂತ ಕೆಟ್ಟದ್ದು. ಅವತ್ತು ಬೆಳಿಗ್ಗೆ ನಾನು ಕರೆದಾಗ ಬುಜ್ಜಿ ಒಂದು ಸಲ ತಿರುಗಿದ ಹಾಗಿತ್ತು. ಮಾತ್ರೆ ಹಿಡಿಯುತ್ತಿದೆ, ಇನ್ನು ಹನ್ನೆರಡೇ ದಿನ, ಅಮ್ಮ ಬರದೇ ಇರಬಹುದು, ಯಾಕೆ ಹೇಳಿ ಕೆಡಿಸಿಕೊಳ್ಳಲಿ ಎಂದು ಮನಸ್ಸು ಹೇಳಿತು. ಕಿವಿ ಬೇಕು ನನಗೆ. ಬಟ್ಟಲಲ್ಲಿ ಬಾಳೆಹಣ್ಣಿನ ಚೂರು ಉಳಿದಿತ್ತು. ಅದನ್ನು ನೋಡುತ್ತಾ ಕೂತೆ. ಮಗು ಬಂದು ತೊಡೆಯ ಮೇಲೆ ಕುಳಿತಿತು. ರೂಢಿಯ ಮೇಲೆ ನನ್ನ ಕೈ ಅದರ ಹಣೆ ಹಿಡಿಯಿತು. ಊರ ಮಕ್ಕಳನ್ನು ಅಳ್ಳಾಡದಂತೆ ಹಿಡಿಯುವುದು ಯಾತಕ್ಕೆ? ಚುಚ್ಚದಿರಲಿ ಎಂದು ತಾನೇ. ಈ ಮಗುವನ್ನು ನಾನೇ ಹಿಡಿದು ಚುಚ್ಚಿಸಲೇ?

ಎದ್ದೆ. ಆದರೆ ಬರಿಗೈಯಲ್ಲಿ ಡಾಕ್ಟರ ಹತ್ತಿರ ಹೋದರೆ ಅವರು ಕೇಳುವುದು ಎರಡು ಮಾತು: ಆ ಹುಡುಗಿಗೆ ಯಾವತ್ತು ಗುಳ್ಳೆ ಕಾಣಿಸಿತು, ನಿಮ್ಮ ಮಗು ಕೊನೆಗೆ ಯಾವತ್ತು ಜೊತೆಗಿತ್ತು. ಅಮ್ಮ ಬಂದ ದಿನವನ್ನು ಬಾಯಿಬಿಟ್ಟು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ದಿನ ಎಣಿಸಿದರೆ ತಾಯಿ ಹೋಗಲಿ ಎಂದಂತೆ, ಅವಮಾನ. ನಾನು ಹುಟ್ಟಿದ ಮೇಲೆ ಯಾರೂ ಕೇಳಿದ್ದನ್ನು ಕಂಡಿಲ್ಲ. ಪಕ್ಕದ ಮನೆಯ ಹೊಸ್ತಿಲ ಹೊರಗೆ ನಿಂತು ಆ ಹುಡುಗಿಯ ತಾಯಿಯನ್ನು ಕರೆದೆ.

“ತಾಯಿ ಯಾವತ್ತು ಕಾಣಿಸ್ಕೊಂಡ್ಲಮ್ಮ?”

ಅವಳು ಬಾಯಿಗೆ ಕೈ ಇಟ್ಟಳು. “ಏನ್ ದೊಡ್ಡಮ್ಮ, ಬೆಡ್‌ಪ್ಯಾನ್ ಎತ್ತಿ ಎತ್ತಿ ದೇವ್ರು ಮರ್ತೋಯ್ತಾ ನಿಮ್ಗೆ? ಇಂತಾ ಮಾತ್ ಕೇಳ್ತಾರಾ?”

“ಕೇಳ್ಬಾರ್ದು. ನಂಗೂ ಗೊತ್ತು. ಪಾಪ ಇದ್ರೆ ನಂಗಿರ್ಲಿ. ನಮ್ ಬುಜ್ಜಿ ಒಂದ್ ಔಸ್ದಿ ತಗೋತವ್ಳೆ. ಅದ್ರ ಮೇಲ್ ತಾಯಿ ಬಂದ್ರೆ ಮಗು ಉಳಿಯಲ್ಲ ಅಂತಾರೆ.”

ಒಳಗೆ ಅವಳ ಮಗು ನರಳುತ್ತಿತ್ತು. ಅವಳು ಬಾಗಿಲ ಬೇವಿನ ಎಲೆಯೊಂದನ್ನು ಕಿತ್ತು ನನ್ನ ಕೈಗೆ ಕೊಟ್ಟು, ನೆಲ ನೋಡುತ್ತಾ, “ಸೋಮಾರ. ಬೆನ್ ಮೇಲೆ ಮೂರು. ಅವತ್ ಸಂಜೆಗಂಟ ಬುಜ್ಜಿ ಇಲ್ಲೇ ಇತ್ತು ದೊಡ್ಡಮ್ಮ. ಇಬ್ರೂ ಒಂದೇ ಚಾಪೆ” ಎಂದಳು.

ಬೆಳಿಗ್ಗೆ ಮೊದಲ ರೈಲಿಗೇ ಹೊರಟೆ. ನಾನು ಬರುವ ತನಕ ಮಾತ್ರೆ ಕೊಡಬೇಡ, ಬಿಸಾಡಲೂಬೇಡ ಎಂದು ಸೊಸೆಗೆ ಹೇಳಿದೆ. ಅವಳು ಮುಖ ಕೊಡಲಿಲ್ಲ. ಡಾಕ್ಟರು ಕೋಟು ಹಾಕಿಕೊಳ್ಳುವ ಮುಂಚೆಯೇ ಅವರ ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಬೈಗುಳ ತಿನ್ನಲು ತಯಾರಾಗಿ ಹೋದವಳಿಗೆ ಅವರು ಕುರ್ಚಿ ತೋರಿಸಿದರು. ಅಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಮಗುವಿಲ್ಲದೆ ನಾನು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಮಕ್ಕಳ ಡಾಕ್ಟರನ್ನೂ ಕರೆಸಿದರು. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಆಮೇಲೆ ಕಿವಿ ಡಾಕ್ಟರು ನನ್ನ ಕಡೆ ತಿರುಗಿದರು.

“ಎರಡೇ ದಿನ ತಗೊಂಡಿರೋದು, ಈಗಲೇ ನಿಲ್ಲಿಸಬಹುದು. ಇನ್ನೂ ಹೆಚ್ಚು ದಿನ ಆಗಿದ್ದರೆ ಒಮ್ಮೆಲೇ ಬಿಡೋದೂ ಕಷ್ಟ, ಮುಂದುವರಿಸೋದೂ ಕಷ್ಟ ಆಗ್ತಿತ್ತು. ಸೋಮವಾರದಿಂದ ಇಪ್ಪತ್ತೊಂದು ದಿನ ಎಣಿಸು. ಜ್ವರ ಬಂದರೆ, ಒಂದೇ ಗುಳ್ಳೆ ಕಂಡರೂ, ಆ ಗಳಿಗೆಯೇ ಕರಕೊಂಡು ಬಾ. ಬೇವು ಕಟ್ಟೋದು ಕಟ್ಟು, ಬೇಡ ಅನ್ನಲ್ಲ. ಆದರೆ ಕಟ್ಟಿ ಕೂರಬೇಡ.”

ಕೊಟ್ಟಿಗೆ ಗೋಡೆಯ ಮೇಲೆ ಸುಣ್ಣದಲ್ಲಿ ದಿನಕ್ಕೊಂದು ಗೆರೆ ಎಳೆದೆ. ಒಂದೆರಡು ದಿನ ತಿರುಗಿ ನೋಡುತ್ತಿದ್ದ ಬುಜ್ಜಿ ಮತ್ತೆ ಬಾಯಿ ನೋಡತೊಡಗಿದಳು. ಹದಿನಾಲ್ಕನೇ ಗೆರೆಯ ದಿನ ಮೈ ಬಿಸಿಯಾಯಿತು. ಮಾರನೇ ಬೆಳಿಗ್ಗೆ ಹೊಟ್ಟೆಯ ಮೇಲೆ ಎರಡು ಗುಳ್ಳೆ, ಬೆವರ ಹನಿಯ ಹಾಗೆ.

ಸೊಸೆ ಬೇವು ತಂದು ಹಾಸಿದಳು. “ನೋಡಿದ್ರಾ ಅತ್ತೆ? ದಿನ ಎಣಿಸಿದ್ರಿ, ಬಂದ್ಲು” ಎಂದಳು. ನಾನು ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡೆ. ಆಗ ಮಗ ಬಾಯಿಬಿಟ್ಟ. ಅವನು ಮನೆಯಲ್ಲಿ ಹೆಚ್ಚು ಮಾತಾಡುವವನಲ್ಲ. “ಇಬ್ರೂ ಸುಮ್ನಿರ್ರಿ. ಬೇವೂ ಇರ್ಲಿ, ಡಾಕ್ಟ್ರೂ ಇರ್ಲಿ. ಮಗು ಒಂದೇ ಇರಾದು” ಎಂದು ಹೇಳಿ, ಮಂಡಿಗೆ ಹೋಗದೆ ಜಟಕಾ ಕರೆದುಕೊಂಡು ಬಂದ. ರೈಲಿನಲ್ಲಿ ಬೇರೆ ಮಕ್ಕಳಿರುತ್ತಾರೆ, ಅಮ್ಮ ಬಂದ ಮಗುವನ್ನು ಅಲ್ಲಿ ಕೂರಿಸಬಾರದು.

ಒಳಗೆ ಬೇರೆ ಮಕ್ಕಳಿದ್ದರಿಂದ ಮಕ್ಕಳ ಡಾಕ್ಟರು ಆಸ್ಪತ್ರೆಯ ಹಿಂದಿನ ಜಗುಲಿಯಲ್ಲೇ ನೋಡಿದರು. ಎದೆಗೆ ಕೊಳವೆ ಇಟ್ಟು ಕೇಳಿ, ಉಸಿರು ಎಣಿಸಿ, “ಶ್ವಾಸ ಚೆನ್ನಾಗಿದೆ. ಮಾತ್ರೆ ಬಿಟ್ಟು ಎರಡು ವಾರ ಆಗ್ತಾ ಬಂದಿದೆ, ಮೈಗೆ ಶಕ್ತಿ ಬಂದಿದೆ” ಎಂದರು. ನಾನು ಬಾಯಿ ಮುಚ್ಚಿಕೊಂಡು ಹದಿನಾಲ್ಕು ದಿನದ ಮಾತ್ರೆಯನ್ನೂ ತಿನ್ನಿಸಿದ್ದರೆ, ಅಮ್ಮ ಕಾಲಿಟ್ಟಾಗ ಮಗುವಿನ ಮೈ ಬರಿದಾಗಿರುತ್ತಿತ್ತು.

ಗುಳ್ಳೆ ಬಾಡುವ ತನಕ ನಮ್ಮ ಮನೆಯಲ್ಲೂ ಒಗ್ಗರಣೆ ಇಲ್ಲ. ಮೊಸರನ್ನ, ಸಪ್ಪೆ ಸಾರು. ಒಂಬತ್ತನೇ ದಿನ ಬೇವು ಅರಿಶಿನದ ನೀರು ಹಾಕಿ, ತಂಬಿಟ್ಟು ಮಾಡಿ ಮಾರಮ್ಮನ ಗುಡಿಗೆ ಕೊಟ್ಟೆವು. ತಂಬಿಟ್ಟು ಹಂಚಲು ಹೋದಾಗ ಪಕ್ಕದ ಮನೆಯವಳು ನನ್ನ ಕೈಯನ್ನು ಸುಮ್ಮನೆ ಅಮುಕಿದಳು.

ಯುಗಾದಿ ಕಳೆದು ಒಂದು ತಿಂಗಳ ಮೇಲೆ ಕಿವಿ ಡಾಕ್ಟರು ಮತ್ತೆ ಬುಡ್ಡೆ ಅಮುಕಿ ನೋಡಿದರು. ನೀರು ಅಲ್ಲೇ ಇತ್ತು. “ಈಗ ಕೊಡಬಹುದು. ಒಂದು ಸಲ ಬಂದು ಹೋದಮೇಲೆ ಇನ್ನು ಆ ಭಯ ಇಲ್ಲ” ಎಂದರು. ಸೊಸೆಗೆ ಹೇಳಿದೆ. ಅವಳು ಕೈ ಮುಗಿದು, “ತಾಯಿ ಬಂದು ದಾರಿ ಬಿಟ್ಲು” ಎಂದಳು. ಅವಳು ಹೇಳಿದ್ದೂ ಡಾಕ್ಟರು ಹೇಳಿದ್ದೂ ನನಗೆ ಒಂದೇ ಹಾಗೆ ಕೇಳಿಸಿತು. ಈ ಸಲ ಬಾಳೆಹಣ್ಣು ಕಲಸಿದವಳು ಅವಳೇ.

ಮೊದಲ ವಾರ ಪೂರ್ತಿ ಮಾತ್ರೆ, ಆಮೇಲೆ ಎರಡು ದಿನಕ್ಕೊಮ್ಮೆ ಇಳಿಸುತ್ತಾ ಬರಬೇಕು. ಖಾಲಿ ಹೊಟ್ಟೆಯಲ್ಲಿ ಬೇಡ, ಉಪ್ಪು ಕಡಿಮೆ. ಐದನೇ ದಿನಕ್ಕೆ ಮಗುವಿನ ಕೆನ್ನೆ ಕಡುಬಿನ ಹಾಗೆ ಊದಿತು. ಮೂಗಿನ ತುದಿಯಲ್ಲೇ ಸಿಟ್ಟು. ಹಸಿವು ಅಂದರೆ ಹಸಿವು, ಒಂದು ಮುದ್ದೆ ತಿನ್ನುತ್ತಿದ್ದವಳು ಎರಡು ಮುಗಿಸಿ ತಟ್ಟೆ ನೆಕ್ಕುತ್ತಿದ್ದಳು. “ಇದೇನತ್ತೆ, ಕಿವಿ ಮಾತ್ರೆನಾ ಒಟ್ಟೆ ಮಾತ್ರೆನಾ?” ಎಂದು ಸೊಸೆ ನಕ್ಕಳು. ಬಹಳ ದಿನದ ಮೇಲೆ ನಕ್ಕದ್ದು. ನಾನು ಮನೆಯಲ್ಲಿ ಬೆನ್ನ ಹಿಂದೆ ನಿಂತು ಕರೆದು ನೋಡಲಿಲ್ಲ. ಆಸೆ ಪಟ್ಟು ಒಂದು ಸಲ ಮೋಸ ಹೋಗಿದ್ದೆ.

ಹಾಗೆ ಮೊನ್ನೆ ಶನಿವಾರ ಬಂತು. ಡಾಕ್ಟರು ಬುಡ್ಡೆ ಅಮುಕಿದರು. ಅವರ ಮುಖ ನೋಡುತ್ತಿದ್ದೆ. ಇನ್ನೊಮ್ಮೆ ಅಮುಕಿದರು. ಇನ್ನೊಂದು ಕಿವಿ. ಆಮೇಲೆ ಕನ್ನಡಿ ಮೇಲೆತ್ತಿ, “ಆಯಾ, ಎದ್ದು ಹೋಗಿ ನಿನ್ನ ಜಾಗದಲ್ಲಿ ನಿಂತುಕೋ” ಎಂದರು.

ನನ್ನ ಜಾಗ ಎಂದರೆ ಗೋಡೆಯ ಹತ್ತಿರ, ಆರಡಿ. ದಿನಾ ಹೇಳುವ ಮಾತುಗಳಿವೆ, ರೈಲು, ಕಾಗೆ, ಚೆಂಡು ಎಂದು. ಒಂದೂ ನೆನಪಾಗಲಿಲ್ಲ. ಸೆರಗು ಅಡ್ಡ ಹಿಡಿದು, “ಬುಜ್ಜಿ, ಮನೇಗೋಗಿ ಏನ್ ತಿಂತೀಯಾ?” ಎಂದೆ.

“ಮುದ್ದೆ ಅವ್ವಾ. ಉಳ್ಳಿ ಸಾರು” ಎಂದಳು. ನಮ್ಮ ಕಡೆ ಅಜ್ಜಿಯನ್ನು ಅವ್ವ ಎನ್ನುತ್ತಾರೆ. ಅವಳ ಮುಖ ಕಿಟಕಿಯ ಕಡೆಗೇ ಇತ್ತು.

ಡಾಕ್ಟರು ಚೀಟಿಯಲ್ಲಿ ಏನೋ ಬರೆಯುತ್ತಾ, ನೆಗಡಿಯಾದರೆ ಮತ್ತೆ ತುಂಬಬಹುದು, ಎರಡು ತಿಂಗಳಿಗೆ ಕರೆತಾ, ಮೈಮರೆಯಬೇಡ ಎಂದರು. ಮರೆಯುವುದಿಲ್ಲ. ಆದರೆ ಅವತ್ತು ಒಂದು ದಿನ ಮರೆತೆ ಎಂದೇ ಬರೆಯುತ್ತೇನೆ. ಬಂಗಾರಪೇಟೆ ಬರುವ ತನಕ ರೈಲಿನಲ್ಲಿ ಎಲ್ಲರಿಗೂ ಹೇಳಿದೆ, ಗುರುತಿಲ್ಲದವರಿಗೂ, ಕನ್ನಡ ಬಾರದ ಕಡಲೆಕಾಯಿ ಮಾರುವವಳಿಗೂ. ಅವಳು ಒಂದು ಹಿಡಿ ಕಡಲೆಕಾಯಿ ಬುಜ್ಜಿಯ ಲಂಗಕ್ಕೆ ಸುರಿದು, “ನಲ್ಲಾ ಇರು ಕಣ್ಣು” ಎಂದು ತಮಿಳಿನಲ್ಲಿ ಹರಸಿದಳು, ಚೆನ್ನಾಗಿರು ಕಂದ ಎಂದು.

ಸಂಜೆ ಮಗ ಮಂಡಿಯಿಂದ ಬೇಗ ಬಂದ. ಸೊಸೆ ಹುರುಳಿ ಕಟ್ಟಿನ ಸಾರಿಟ್ಟಳು. ಎಣ್ಣೆ ಕಾಯಿಸಿ ಸಾಸಿವೆ ಹಾಕಿದಳು. ಬುಜ್ಜಿ ನನ್ನ ಪಕ್ಕ ಗೋಡೆಗೆ ಒರಗಿ ಕಡಲೆಕಾಯಿ ಸುಲಿಯುತ್ತಿದ್ದಳು. ಸುಲಿಯುತ್ತಿದ್ದ ಕೈ ನಿಂತಿತು. ಒಲೆಯ ಕಡೆ ತಿರುಗಿದಳು.

“ಅವ್ವಾ, ಅದ್ ದಿನಾನೂ ಇಂಗೇ ಸದ್ ಮಾಡ್ತಿತ್ತಾ?”

ಸೊಸೆಯ ಕೈಯಲ್ಲಿ ಸೌಟು ಹಾಗೇ ಉಳಿಯಿತು. ಸಾಸಿವೆ ಸಿಡಿದು ಸಿಡಿದು ಕರಕಲಾಗುವ ವಾಸನೆ ಬಂದಮೇಲೆ ಎಚ್ಚರವಾಗಿ ಸಾರಿಗೆ ಸುರಿದಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಪಕ್ಕದ ಮನೆಯ ತಾಯಿ ಮಗಳನ್ನೂ ಕೂಗಿದೆವು. ಅವರೂ ತಟ್ಟೆ ತಂದು ಕೂತರು. ಮಕ್ಕಳಿಬ್ಬರಿಗೂ ಒಂದೇ ತಟ್ಟೆ.

ಮಗ ರೂಢಿಯಂತೆ ಬುಜ್ಜಿಯ ಮುಖದ ಹತ್ತಿರ ಬಗ್ಗಿ, ಮೂಟೆ ಇಳಿಸುವಾಗ ಕೂಗುವ ಹಾಗೆ ಕೂಗಿದ: “ಬುಜ್ಜೀ! ಇನ್ನೊಂದ್ ಮುದ್ದೆ ಬೇಕಾ?”

ಅವಳು ಮುದ್ದೆಯ ಕೈಯನ್ನು ಕಿವಿಗೆ ಅಡ್ಡ ಹಿಡಿದಳು.

“ಮೆಲ್ಗೆ ಕೇಳಪ್ಪಾ, ಕೇಳಿಸ್ತದೆ.”

ಅವನು ಮೆಲ್ಲಗೆ ಕೇಳಿದ. ಅವಳು ಬೇಕು ಎಂದಳು. ಆಮೇಲೆ ನಾವೆಲ್ಲರೂ ಮೆಲ್ಲಗೆ ಮಾತಾಡುತ್ತಾ ಉಂಡೆವು.